ಹತ್ತೊಂಬತ್ತನೇ ನಿಲ್ದಾಣದ ನೀರು

ಸಾಗರ
10 ಜುಲೈ 2025

ವಿನಯಾ,

ಇದುವರೆಗೆ ನಿನಗೆ ಬರೆದ ಯಾವ ಕಾಗದವೂ ‘ಪ್ರೀತಿಯ’ ಎನ್ನುವ ಮಾತಿಲ್ಲದೆ ಶುರುವಾಗಿಲ್ಲ. ಇವತ್ತು ಆ ಮಾತು ಬರಲಿಲ್ಲ. ಒತ್ತಾಯ ಮಾಡಿ ತರುವುದು ಬೇಡವೆಂದು ಹಾಗೇ ಬಿಟ್ಟಿದ್ದೇನೆ. ಕ್ಷೇಮ ಸಮಾಚಾರವನ್ನೂ ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀಯೆ ಎನ್ನುವುದನ್ನು ಹೋದ ಭಾನುವಾರ ನಮ್ಮ ಮನೆಯಲ್ಲೇ ಕಣ್ಣಾರೆ ನೋಡಿದೆ.

ಮೊದಲು ನನ್ನದೊಂದು ಸುಳ್ಳು ಒಪ್ಪಿಕೊಂಡುಬಿಡುತ್ತೇನೆ. ಹಡಗಿನಲ್ಲಿ ನಾನು ಅಳತೆಗಳನ್ನು ಬರೆದಿಟ್ಟ ಪುಸ್ತಕ ಬೇಕೆಂದು ನೀನು ಕೇಳಿದಾಗ, ಮನೆ ಬದಲಿಸುವಾಗ ಎಲ್ಲೋ ಹೋಯಿತು ಅಂದೆ. ಹೋಗಿಲ್ಲ. ನನ್ನ ಹತ್ತಿರವೇ ಇದೆ. ಒಂದು ಹಾಳೆಯೂ ಹರಿದಿಲ್ಲ.

ಇಕ್ಕೇರಿಯಲ್ಲಿರುವ ಚಿಕ್ಕಪ್ಪನ ಮನೆಗೆ ಬಂದವಳು ಹಾಗೇ ನಮ್ಮನ್ನೂ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ನೀನು ಅಂದೆ. ಮೂರು ವರ್ಷದಲ್ಲಿ ಮೊದಲ ಸಲ. ಗೋಡಂಬಿ ಪೊಟ್ಟಣ ಕೊಟ್ಟು ಅಮ್ಮನ ಕೈಯ ಕಾಫಿ ಹೊಗಳಿದೆ. ಕಾರ್ಗಲ್‌ನಲ್ಲಿ ನಿಮ್ಮಪ್ಪ, ನಮ್ಮಪ್ಪ ಇಬ್ಬರಿಗೂ ಒಂದೇ ಸಾಲಿನಲ್ಲಿ ಕ್ವಾರ್ಟರ್ಸ್ ಇದ್ದದ್ದು, ನಾವಿಬ್ಬರೂ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಸಾಗರದ ಕಾಲೇಜಿಗೆ ಬರುತ್ತಿದ್ದದ್ದು, ಹೊನ್ನೆಮರಡಿನ ಕ್ಯಾಂಪಿನಲ್ಲಿ ಹಿನ್ನೀರಿಗೆ ಹಗ್ಗ ಕಟ್ಟಿದ ಬಾಟಲಿ ಇಳಿಸಿ ನಾವು ಮೊದಲ ಸಲ ನೀರು ಪರೀಕ್ಷೆ ಮಾಡಿದ್ದು, ಎಲ್ಲವನ್ನೂ ನೆನಪಿಸಿದೆ. ಅಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ನಿಧಾನವಾಗಿ ವಿಷಯಕ್ಕೆ ಬಂದೆ. ಬೇರೆ ದೇಶದ ತಂಡವೊಂದು ದಕ್ಷಿಣದ ಹಿಮಸಮುದ್ರದ ಚಳಿಗಾಲದ ಅಳತೆಗಳನ್ನು ಪ್ರಕಟಿಸಿದೆ, 2022ರಲ್ಲಿ ನಾವು ಕಂಡದ್ದನ್ನೇ ಅವರೂ ಕಂಡಿದ್ದಾರೆ ಅಂದೆ. ಕೊನೆಗೆ, “ನಮ್ಮದು ಅವ್ರಿಗಿಂತ ಒಂದು ವರ್ಷ ಮೊದ್ಲು ಕಣೆ. ಮೂಲ ಪುಸ್ತಕ ಸಿಕ್ರೆ ಸಾಕು, ಪ್ರಬಂಧಕ್ಕೆ ಇಬ್ರ ಹೆಸ್ರೂ ಹಾಕ್ತೀನಿ” ಅಂದೆ.

‘ನಮ್ಮದು’ ಅಂದೆಯಲ್ಲ, ಆ ಒಂದು ಮಾತಿಗೆ ನಾಲ್ಕು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ನೀನು ಹೋದಮೇಲೆ ಅಮ್ಮ ಕೇಳಿದಳು, ಅಷ್ಟು ದೂರದಿಂದ ಬಂದವಳ ಹತ್ತಿರ ನೆಟ್ಟಗೆ ನಾಲ್ಕು ಮಾತಾಡಲಿಲ್ಲವಲ್ಲ, ಏನಾಗಿದೆ ನಿಮಗೆ ಅಂತ. ನಿನ್ನ ಸಂಸ್ಥೆಯಲ್ಲಿ ನನ್ನ ಕೆಲಸದ ಅವಧಿ ಮುಗಿಯಿತು, ಅದಕ್ಕೇ ಊರಿಗೆ ಬಂದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಆ ಭಾನುವಾರ ಎಲ್ಲ ಹೇಳಿದೆ. ಎಲ್ಲಿಂದ ಶುರುಮಾಡುವುದೋ ತಿಳಿಯದೆ ಸಮುದ್ರದಿಂದಲೇ ಶುರುಮಾಡಿದೆ.

ಹಿಮಖಂಡದ ಸುತ್ತಲಿನ ಸಮುದ್ರದಲ್ಲಿ ಡಿಸೆಂಬರ್, ಜನವರಿ ಅಂದರೆ ಬೇಸಿಗೆ ಅಂದೆ. ಬೆಳಕು ಬಂದದ್ದೇ ತಡ, ಬರಿಗಣ್ಣಿಗೆ ಕಾಣದಂಥ ಪಾಚಿ ಮೇಲುನೀರಿನ ತುಂಬ ಹಬ್ಬಿ, ಅಲ್ಲಿರುವ ನೈಟ್ರೇಟ್ ಎಂಬ ಗೊಬ್ಬರ ಉಂಡು ಬೆಳೆಯುತ್ತದೆ. ಬೆಳೆಯುವಾಗ ಗಾಳಿಯಿಂದ ಬಂದ ಇಂಗಾಲವನ್ನೂ ನುಂಗುತ್ತದೆ, ಅದಕ್ಕೇ ಜಗತ್ತಿಗೆಲ್ಲ ಇದರ ಚಿಂತೆ. ಪಾಚಿಯನ್ನು ಸಣ್ಣ ಹುಳುಗಳು ತಿನ್ನುತ್ತವೆ. ಅವು ಹೊರಹಾಕಿದ್ದು, ಸತ್ತದ್ದು, ಕೊಳೆತದ್ದು ಎಲ್ಲ ಸೇರಿ ಬೇಸಿಗೆಯ ಕೊನೆಗೆ ನೀರಿನಲ್ಲಿ ಅಮೋನಿಯಂ ಉಳಿಯುತ್ತದೆ. ಚಳಿಗಾಲದಲ್ಲಿ ಬಿರುಗಾಳಿ ಎದ್ದು ಆಳದ ನೀರನ್ನು ಕಲಕಿ ನೈಟ್ರೇಟನ್ನು ಮತ್ತೆ ಮೇಲಕ್ಕೆ ತರುತ್ತದೆ. ಜೊತೆಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಉಳಿದ ಅಮೋನಿಯಂ ಅನ್ನು ತಿಂದು ನೈಟ್ರೇಟ್ ಮಾಡುತ್ತದೆ. ಮುಂದಿನ ಬೇಸಿಗೆಗೆ ನೀರು ತಯಾರಾಗುತ್ತದೆ. ನಡುಚಳಿಗಾಲಕ್ಕೆ ಅಮೋನಿಯಂ ಪೂರ್ತಿ ಮುಗಿದಿರಬೇಕು ಎಂದು ಸಂಸ್ಥೆಯಲ್ಲಿ ನಮ್ಮ ಮೇಲಿದ್ದ ನಿಮ್ಮ ಹರಿಪ್ರಸಾದ್ ಸರ್ ನಂಬಿದ್ದರು. ನಾನು ಅಳೆದಾಗ ಅದು ಇನ್ನೂ ಇತ್ತು, ಎಲ್ಲ ಕಡೆಯೂ ಇತ್ತು. ಬ್ಯಾಕ್ಟೀರಿಯಾ ನಾವು ತಿಳಿದದ್ದಕ್ಕಿಂತ ನಿಧಾನ. ನಾನು ಕಂಡದ್ದು ಅಷ್ಟೇ.

ಅಮ್ಮ ಕೇಳಿದಳು, “ಅಮೋನಿಯಂ ಅಂದ್ರೆ ಕೊಟ್ಟಿಗೇಲಿ ಬರೋ ಗಂಜಲದ ಘಾಟು ಅಲ್ವೇನೆ?” ಅದರದ್ದೇ ಕುಲ ಅಂದೆ. ಹಾಗಾದರೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಇಷ್ಟು ರಾದ್ಧಾಂತ ಯಾಕೆ, ಅವರಿಗೆ ಮೂಗಿಲ್ಲವಾ ಅಂದಳು. ಮೂರು ವರ್ಷದಲ್ಲಿ ಈ ವಿಷಯಕ್ಕೆ ನಾನು ನಕ್ಕದ್ದು ಅದೊಂದೇ ಸಲ.

ಆಮೇಲೆ ಅವಳಿಗೆ ಹಡಗಿನ ಕಥೆ ಹೇಳಿದೆ. ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಬೇರೆ ಥರ ನೆನಪಿಟ್ಟುಕೊಂಡಿರುವ ಹಾಗಿದೆ.

ಕೇಪ್‌ಟೌನ್ ಬಿಟ್ಟ ಎರಡನೇ ದಿನವೇ ನೀನು ಮಲಗಿದೆ. ಒಂಬತ್ತು ದಿನ ತಲೆ ಎತ್ತಲಿಲ್ಲ. ಯೋಜನೆಯ ಮುಖ್ಯಸ್ಥೆ ನೀನು, ಸಹಾಯಕಿ ನಾನು. ಬಕೆಟ್ ಹಿಡಿದವಳೂ ನಾನೇ, ಒಗೆದವಳೂ ನಾನೇ, ಎರಡು ಚಮಚ ಗಂಜಿ ಕುಡಿಸಿ ಡೆಕ್ಕಿಗೆ ಓಡಿದವಳೂ ನಾನೇ. ಅದನ್ನು ಉಪಕಾರ ಎಂದು ನಾನು ಯಾವತ್ತೂ ಎಣಿಸಿರಲಿಲ್ಲ, ನನ್ನ ಜಾಗದಲ್ಲಿದ್ದರೆ ನೀನೂ ಮಾಡುತ್ತಿದ್ದೆ ಅಂದುಕೊಂಡಿದ್ದೆ. ಹಡಗು ನಿಂತು ನೀರು ಎತ್ತುವ ಒಂದೊಂದು ಜಾಗಕ್ಕೂ ನಿಲ್ದಾಣ ಅನ್ನುತ್ತಿದ್ದೆವಲ್ಲ, ಆ ನಿಲ್ದಾಣಗಳು ಒಟ್ಟು ಇಪ್ಪತ್ತೇಳು. ಅಮೋನಿಯಂ ಅನ್ನು ಊರಿಗೆ ತಂದು ಅಳೆಯುತ್ತೇನೆ ಅಂದರೆ ಆಗುವುದಿಲ್ಲ, ನೀರು ಎತ್ತಿದ ಕೆಲವೇ ಗಂಟೆಗಳಲ್ಲಿ ಹಡಗಿನಲ್ಲೇ ಅಳೆಯಬೇಕು. ಗಾಳಿಯಲ್ಲಿ ಒಂದಿಷ್ಟು ಅಮೋನಿಯಾ ಇದ್ದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಅಮೋನಿಯಾ ಬೆರೆತ, ನೆಲ ಒರೆಸುವ ದ್ರವವನ್ನು ನಾವು ಅಳೆಯುವ ಕೋಣೆಗೆ ತರಕೂಡದು ಎಂದು ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಪ್ರತಿ ಸಲ ಸಮುದ್ರದ ನೀರು ಅಳೆಯುವ ಮೊದಲು ಏನೂ ಇಲ್ಲದ ಶುದ್ಧ ನೀರು ಅಳೆದು, ಸೊನ್ನೆ ಬಂದಮೇಲೇ ಮುಂದುವರಿಯುತ್ತಿದ್ದೆ. ಮೊದಲ ಹದಿನೆಂಟು ನಿಲ್ದಾಣಗಳಲ್ಲಿ ಶುದ್ಧ ನೀರು ಸೊನ್ನೆ, ಸಮುದ್ರದ ನೀರು ಒಂದರ ಆಸುಪಾಸು.

ಹತ್ತೊಂಬತ್ತನೇ ನಿಲ್ದಾಣದ ದಿನ ನೀನು ಎದ್ದೆ. ನಾನು ಡೆಕ್ಕಿನ ಮೇಲಿದ್ದೆ. ಮಧ್ಯಾಹ್ನವಾದರೂ ಸೂರ್ಯ ಸಮುದ್ರದ ಅಂಚು ಬಿಟ್ಟು ಮೇಲೇರಿರಲಿಲ್ಲ. ಇಷ್ಟು ದಿನ ಮಲಗಿದ್ದೇನೆ, ಇವತ್ತಾದರೂ ಕೆಲಸಕ್ಕೆ ಕೈ ಹಾಕೋಣ ಎಂದು ನೀನು ಕೋಣೆಗೆ ಬಂದೆ. ಅಲ್ಲೇ ವಾಂತಿಯಾಯಿತು. ನಾಚಿಕೆಗೆ ಯಾರನ್ನೂ ಕರೆಯದೆ, ಹೊರಗಿನ ಕಪಾಟಿನಿಂದ ಆ ದ್ರವವನ್ನೇ ತಂದು ಮೇಜು, ನೆಲ ಎಲ್ಲ ತಿಕ್ಕಿ ಒರೆಸಿದೆ. ನಾನು ಬಾಟಲಿ ತಬ್ಬಿಕೊಂಡು ಒಳಗೆ ಬಂದಾಗ ಘಾಟು ಮೂಗಿಗೆ ಹೊಡೆಯಿತು. ನೀನು ಒದ್ದೆ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಆಗ ನನಗೆ ಸಿಟ್ಟು ಬರಲಿಲ್ಲ ವಿನಯಾ, ಅಯ್ಯೋ ಅನ್ನಿಸಿತು. ಆ ದಿನ ನೀನು ನನ್ನ ಕೈ ಹಿಡಿದು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. “ಸರ್‌ಗೆ ಗೊತ್ತಾದ್ರೆ ಇನ್ನೊಂದ್ಸಲ ನನ್ನನ್ನ ಹಡಗು ಹತ್ಸಲ್ಲ ಮಾರಾಯ್ತಿ. ಎಂತಾದ್ರೂ ಒಂದು ಬರಿ. ನನ್ನ ಹೆಸ್ರು ಬರೀಬೇಡ.”

ಬರೆದೆ. ‘ಸಮುದ್ರ ಪ್ರಕ್ಷುಬ್ಧ. ನೀರು ತೆಗೆಯಲಿಲ್ಲ.’ ನನ್ನ ಕೈಬರಹದಲ್ಲಿ, ನನ್ನ ಸಹಿ ಹಾಕಿ. ಇಡೀ ಪುಸ್ತಕದಲ್ಲಿ ಸುಳ್ಳು ಅಂತ ಇರುವುದು ಅದೊಂದೇ ಸಾಲು. ಮಾರನೇ ದಿನ ಪೂರ್ತಿ ಬಾಗಿಲು ತೆರೆದಿಟ್ಟು ಕೋಣೆಗೆ ಗಾಳಿ ಬಿಟ್ಟೆ, ಬಾಟಲಿಗಳನ್ನೆಲ್ಲ ಮೂರು ಸಲ ಆಮ್ಲದಲ್ಲಿ ತೊಳೆದೆ. ಇಪ್ಪತ್ತನೇ ನಿಲ್ದಾಣಕ್ಕೆ ಶುದ್ಧ ನೀರು ಮತ್ತೆ ಸೊನ್ನೆಗೆ ಬಂತು.

ಆ ಅಕ್ಟೋಬರಿನ ಸಭೆ ನಿನಗೆ ನೆನಪಿದೆಯೋ ಇಲ್ಲವೋ. ಚಳಿಗಾಲದಲ್ಲಿ ಇಷ್ಟು ಅಮೋನಿಯಂ ಇರುವುದು ಸಾಧ್ಯವಿಲ್ಲ ಎಂದು ಹರಿಪ್ರಸಾದ್ ಸರ್ ಮೊದಲೇ ತೀರ್ಮಾನಿಸಿ ಬಂದಿದ್ದರು. ಹಡಗಿನವರ ದಿನಚರಿಯನ್ನೂ ನನ್ನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದರು. ಹತ್ತೊಂಬತ್ತನೇ ನಿಲ್ದಾಣದಲ್ಲಿ ಹನ್ನೊಂದೂ ನಲವತ್ತಕ್ಕೆ ನೀರು ಎತ್ತಿದ್ದಾರೆ ಎಂದು ಹಡಗಿನವರು ಬರೆದಿದ್ದರು, ತೆಗೆಯಲಿಲ್ಲ ಎಂದು ನಾನು ಬರೆದಿದ್ದೆ. ಯಾವುದು ನಿಜ ಎಂದು ಕೇಳಿದರು. ನಾನು ನಿನ್ನ ಕಡೆ ನೋಡಿದೆ. ನೀನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಬರೆಯುವಾಗ ತಪ್ಪಾಗಿರಬಹುದು ಸರ್ ಎಂದು ನಾನೇ ಅಂದೆ. ಅವರು ಪುಸ್ತಕ ಮುಚ್ಚಿ, “ಒಂದು ಸಾಲು ಸುಳ್ಳಾದ್ಮೇಲೆ ಉಳಿದದ್ದನ್ನ ಹೇಗಮ್ಮ ನಂಬೋದು?” ಅಂದರು. ಸೊನ್ನೆಗಳನ್ನೂ ಅದೇ ಕೈ ಬರೆದದ್ದಲ್ಲವೇ ಅಂದರು. ನನ್ನ ಹತ್ತಿರ ಉತ್ತರವಿತ್ತು. ಅದನ್ನು ಹೇಳಬೇಕಾದವಳು ನೀನು ಎಂದು ಸುಮ್ಮನಿದ್ದೆ. ಸಭೆ ಮುಗಿಯಿತು, ಎಲ್ಲರೂ ಎದ್ದರು, ನೀನೂ ಎದ್ದೆ.

ಅಷ್ಟಕ್ಕೇ ನಿಂತಿದ್ದರೆ ಭಯಕ್ಕೆ ಬಾಯಿ ಬಿಡಲಿಲ್ಲ ಅಂದುಕೊಳ್ಳುತ್ತಿದ್ದೆ. ಎರಡು ತಿಂಗಳ ಮೇಲೆ ವರದಿ ಬಂತು. ‘ಮಾದರಿಗಳನ್ನು ನಿರ್ವಹಿಸಿದ ಸಹಾಯಕಿಯ ಅಜಾಗರೂಕತೆಯಿಂದ ಅಮೋನಿಯಾ ಸೇರಿರುವ ಸಾಧ್ಯತೆ ಇದೆ.’ ಕೆಳಗೆ ನಿನ್ನ ಸಹಿ. ಸಹಾಯಕಿ ಇದ್ದದ್ದು ಒಬ್ಬಳೇ. ಒಂಬತ್ತು ದಿನ ನಿನ್ನ ವಾಂತಿ ಬಳಿದ ಕೈಯನ್ನು ನೀನು ಕೊಳಕು ಎಂದು ಬರೆದುಕೊಟ್ಟೆ. ಅದನ್ನು ಬರೆಯುವಾಗ ನಿನ್ನ ಕಣ್ಣ ಮುಂದೆ ಏನು ಬಂತು? ನಿಜವಾಗಿ ಕೇಳುತ್ತಿದ್ದೇನೆ. ಒಂದು ಕ್ಷಣವಾದರೂ ಆ ಒದ್ದೆ ಬಟ್ಟೆ ನೆನಪಾಗಲಿಲ್ಲವೇ?

ನನ್ನ ಅವಧಿ ಮುಂದುವರಿಸಲಿಲ್ಲ. ಪುಸ್ತಕ ಯಾರಿಗೂ ಬೇಡವಾಗಿತ್ತು, ನನ್ನ ಮೇಜಿನ ಮೇಲೇ ಬಿದ್ದಿತ್ತು, ತಂದುಕೊಂಡೆ. ಮರುವರ್ಷ ಕೊಚ್ಚಿಯಲ್ಲಿ ಒಂದು ಸಂದರ್ಶನಕ್ಕೆ ಹೋದೆ. ಎದುರು ಕೂತ ಹಿರಿಯ ಹೆಂಗಸೊಬ್ಬರ ಹತ್ತಿರ ನಿನ್ನ ವರದಿ ಇತ್ತು. ಹಡಗಿನಲ್ಲಿ ಎಂಥವರಿಗೂ ಕಷ್ಟವಾಗುತ್ತದೆ, ಆಮೇಲೆ ಜಾಗರೂಕತೆ ಕಲಿತಿರಾ ಎಂದು ತುಂಬ ಮೆತ್ತಗೆ ಕೇಳಿದರು. ಗದರಿಸಿದ್ದರೆ ಎದುರು ಮಾತಾಡುತ್ತಿದ್ದೆ. ಕನಿಕರಕ್ಕೆ ಏನು ಹೇಳುವುದು? ಕಲಿತಿದ್ದೇನೆ ಮೇಡಂ ಅಂದೆ. ವಾಪಸ್ಸು ಬರುವ ರೈಲಿನಲ್ಲಿ ಆ ಮಾತಿಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆಮೇಲೆ ಎಲ್ಲಿಗೂ ಅರ್ಜಿ ಹಾಕಲಿಲ್ಲ.

ಈಗ ಸಾಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತೇನೆ. ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಬಾವಿ ನೀರು, ಬೋರ್‌ವೆಲ್ ನೀರು ಬರುತ್ತದೆ. ಕೆಲವು ಕಡೆ ನಾನೇ ಬಸ್ಸು ಹತ್ತಿ ಹೋಗಿ ತರುತ್ತೇನೆ. ನೀನು ಭಾನುವಾರ ಗೋಡೆ, ಕುರ್ಚಿ ಎಲ್ಲ ನೋಡುತ್ತ, ಇಲ್ಲಿ ನೆಮ್ಮದಿಯಾಗಿದ್ದೀಯ ಅಲ್ವಾ ಅಂದೆ. ಅದಕ್ಕೆ ಉತ್ತರವಾಗಿ ಒಂದು ವಿಷಯ ಹೇಳುತ್ತೇನೆ.

ಹೋದ ತಿಂಗಳು ಮಳೆ ಶುರುವಾದ ವಾರದಲ್ಲಿ ಹೊಸನಗರದಿಂದಾಚೆ ಜಟ್ಟಿಂಗಪ್ಪ ಎನ್ನುವ ಹಿರಿಯರ ಮನೆಯ ಬಾವಿ ನೀರು ಅಳೆದೆ. ನೈಟ್ರೇಟ್ ಮಿತಿ ಮೀರಿತ್ತು. ಬೇಸಿಗೆಯೆಲ್ಲ ಗೊಬ್ಬರಗುಂಡಿಯಲ್ಲಿ ಸೇರಿದ್ದು ಮೊದಲ ಮಳೆಗೆ ಬಾವಿಗೆ ಇಳಿದಿರಬೇಕು. ಮನೆಯಲ್ಲಿ ಆರು ವಾರದ ಕೂಸು, ತಾಯಿಗೆ ಹಾಲು ಸಾಲದೆ ಅದೇ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸುತ್ತಿದ್ದರು. ಅಷ್ಟು ಎಳೆಯ ಮಗುವಿಗೆ ಆ ನೀರು ಅಪಾಯ, ರಕ್ತಕ್ಕೆ ಉಸಿರು ಸಾಲದೆ ಮೈ ನೀಲಿಗಟ್ಟುತ್ತದೆ. ಮೂರು ಸಲ ಅಳೆದು, ಅವರು ನಂಬದೆ ಹೋದರೆ ಏನು ಹೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಹೋದೆ. ಜಟ್ಟಿಂಗಪ್ಪ ಹಾಳೆಯನ್ನು ಓದಲೂ ಇಲ್ಲ. ನನ್ನ ಮುಖ ನೋಡಿ, “ನೀವೇ ಅಳ್ದಿದ್ದಾ?” ಎಂದು ಕೇಳಿದರು. ಹೌದು ಅಂದೆ. ಸೊಸೆಯ ಕಡೆ ತಿರುಗಿ, “ಇವತ್ತಿಂದ ಈ ನೀರು ಮಗೀಗೆ ಬ್ಯಾಡ” ಅಂದರು. ಅಷ್ಟೇ. ಒಂದು ಪ್ರಶ್ನೆ, ಒಂದು ಉತ್ತರ.

ಆ ಮನೆಯ ಜಗಲಿಯಲ್ಲಿ ಕೂತಿದ್ದಾಗ ನನಗೆ ಬಂದಂಥ ಸಿಟ್ಟು ಅದುವರೆಗೆ ಯಾವತ್ತೂ ಬಂದಿರಲಿಲ್ಲ. ಅದಕ್ಕೆ ಮೊದಲು ದುಃಖವಿತ್ತು, ಅವಮಾನವಿತ್ತು. ನನ್ನನ್ನು ಆಗಷ್ಟೇ ನೋಡಿದ ಮನುಷ್ಯ ಕೇಳಿದ ಆ ಪ್ರಶ್ನೆಯನ್ನು, ಹದಿನೈದು ವರ್ಷ ಜೊತೆಗಿದ್ದ ನೀನು ಒಂದು ಸಲವೂ ಕೇಳಲಿಲ್ಲ. ಕೇಳುವ ಅಗತ್ಯ ನಿನಗಿರಲಿಲ್ಲ, ಉತ್ತರ ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಬರೆದೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಹತ್ತೊಂಬತ್ತನೇ ನಿಲ್ದಾಣದ ನೀರನ್ನು ನಾನು ಚೆಲ್ಲಿರಲಿಲ್ಲ. ನಿನ್ನನ್ನು ಮಲಗಿಸಿ ಬಂದು ಅಳೆದೆ. ಆ ಘಾಟು ಎಷ್ಟು ಕೆಡಿಸಿದೆ ಎಂದು ನನಗೆ ನೋಡಬೇಕಿತ್ತು. ಶುದ್ಧ ನೀರು ಹನ್ನೆರಡು ತೋರಿಸಿತು, ಸಮುದ್ರದ ನೀರು ಹದಿಮೂರು. ಅಳತೆ ಯಂತ್ರ ತಾನೇ ದಿನಾಂಕ, ಸಮಯ ಸಮೇತ ಮುದ್ರಿಸಿದ ಚೀಟಿ ನನ್ನ ಹತ್ತಿರವಿದೆ, ಅದರಲ್ಲಿ ನನ್ನ ಕೈಬರಹವಿಲ್ಲ. ನಿಜವಾಗಿ ಅಮೋನಿಯಾ ಸೇರಿದರೆ ಲೆಕ್ಕ ಹೇಗೆ ಬರುತ್ತದೆ ಎನ್ನುವುದಕ್ಕೆ ಆ ಒಂದು ಚೀಟಿ ಸಾಕು. ಉಳಿದ ಇಪ್ಪತ್ತಾರು ನಿಲ್ದಾಣಗಳಲ್ಲೂ ಹಾಗಾಗಿಲ್ಲ ಎನ್ನುವುದಕ್ಕೂ ಅದೇ ಸಾಕ್ಷಿ, ಯಾಕೆಂದರೆ ಶುದ್ಧ ನೀರಿಗೆ ಸೊನ್ನೆ ತೋರಿಸಿದ ಆ ನಿಲ್ದಾಣಗಳ ಚೀಟಿಗಳೂ ಒಂದು ಬಿಡದೆ ನನ್ನಲ್ಲಿವೆ. ಅಕ್ಟೋಬರಿನ ಸಭೆಯಲ್ಲಿ ನನ್ನ ಚೀಲದಲ್ಲೇ ಇದ್ದವು. ತೆಗೆದು ತೋರಿಸಿದ್ದರೆ ನಾನು ಉಳಿಯುತ್ತಿದ್ದೆ, ನೀನು ಹೋಗುತ್ತಿದ್ದೆ.

ನಾನು ಮಾಡಿದ್ದು ಸರಿ ಎಂದು ಹೇಳುತ್ತಿಲ್ಲ. ಸುಳ್ಳು ಬರೆದವಳು ನಾನು. ಸ್ನೇಹಕ್ಕೆ ಬರೆದರೂ ಸುಳ್ಳು ಸುಳ್ಳೇ, ಅದರ ಪಾಲಿನ ಶಿಕ್ಷೆ ನನಗೆ ಬರಲಿ. ನಾನು ಬಾಯಿ ಮುಚ್ಚಿಕೊಂಡದ್ದರಿಂದ ಇಪ್ಪತ್ತಾರು ನಿಜವಾದ ಅಳತೆಗಳು ಮೂರು ವರ್ಷ ಕಸದ ಹಾಗೆ ಬಿದ್ದಿದ್ದವು. ಅವು ಬಿದ್ದದ್ದು ನಿನಗೆ ಆಗ ಅನುಕೂಲವಾಗಿತ್ತು. ಎದ್ದರೆ ಈಗ ಅನುಕೂಲ. ಅದಕ್ಕೇ ನೀನು ಆ ಗೋಡಂಬಿ ಪೊಟ್ಟಣ ಹಿಡಿದುಕೊಂಡು ಬಂದೆ.

ಮೊನ್ನೆ ಮಂಗಳವಾರ ಪುಸ್ತಕ ತೆರೆದು ಆ ಸಾಲಿಗೆ ಒಂದೇ ಗೆರೆ ಎಳೆದೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಆ ದಿನ ಏನಾಯಿತೋ ಅದನ್ನು ಹೆಚ್ಚಿಲ್ಲ ಕಡಿಮೆಯಿಲ್ಲ ಬರೆದೆ. ಯಾರು ಒರೆಸಿದರು, ಯಾವುದರಿಂದ ಒರೆಸಿದರು, ಯಾರು ಸುಳ್ಳು ಬರೆಯಲು ಹೇಳಿದರು, ಯಾರು ಬರೆದರು. ಆ ಮಂಗಳವಾರದ ದಿನಾಂಕವನ್ನೇ ಹಾಕಿ ಸಹಿ ಮಾಡಿದೆ. ಎಲ್ಲ ಹಾಳೆಗಳ, ಎಲ್ಲ ಚೀಟಿಗಳ ಪ್ರತಿ ಮಾಡಿಸಿ, ಹರಿಪ್ರಸಾದ್ ಸರ್‌ಗೂ, ಅಳತೆಗಳನ್ನು ಕಾಯ್ದಿಡುವ ವಿಭಾಗಕ್ಕೂ ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನೀನು ಇದನ್ನು ಓದುವ ಹೊತ್ತಿಗೆ ಅವರೂ ಓದಿರುತ್ತಾರೆ. ಮೊದಲು ನನಗೊಂದು ಮಾತು ತಿಳಿಸಬಾರದಿತ್ತಾ, ಸ್ವಲ್ಪ ಸಮಯ ಕೊಡಬಾರದಿತ್ತಾ ಎಂದು ನೀನು ಕೇಳಬಹುದು. ಮೂರು ವರ್ಷ ಕೊಟ್ಟಿದ್ದೆ.

ಪ್ರಬಂಧದಲ್ಲಿ ಯಾರ ಹೆಸರು ಹಾಕಬೇಕು ಎನ್ನುವುದನ್ನು ಅವರು ತೀರ್ಮಾನಿಸಲಿ. ನನ್ನ ಹೆಸರನ್ನು ನೀನು ದಾನ ಕೊಡುವುದು ಬೇಡ. ಫೋನ್ ಮಾಡಬೇಡ, ನಾನು ತೆಗೆಯುವುದಿಲ್ಲ. ಹೇಳುವುದಿದ್ದರೆ ಬರೆದು ತಿಳಿಸು, ಸಹಿ ಹಾಕಿ.

ಇಂತು,
ರಕ್ಷಾ

ಮರೆತ ಮಾತು: ಬರುತ್ತೇನೆಂದು ನೀನು ಫೋನ್ ಮಾಡಿದ ಗುರುವಾರವೇ ನಾನು ಆ ಪುಸ್ತಕವನ್ನು ಹೊರಗೆ ತೆಗೆದು, ರಟ್ಟು ಒರೆಸಿ, ಚೀಟಿಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ. ನಿನಗೆ ಕೊಟ್ಟು ಕಳಿಸಬೇಕೆಂದೇ. ಹತ್ತೊಂಬತ್ತನೇ ನಿಲ್ದಾಣದ ದಿನದ ವಿಷಯವನ್ನು ನೀನಾಗಿ ಒಂದು ಸಲ ಎತ್ತಿದ್ದರೆ ಸಾಕಿತ್ತು, ಕ್ಷಮೆಯನ್ನೂ ನಾನು ಕೇಳುತ್ತಿರಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳಲು ನೀನು ಆ ಚೀಲವನ್ನೇ ಹಿಡಿದುಕೊಂಡು ಒಂಟಿಕಾಲಿನಲ್ಲಿ ನಿಂತೆ. ನಾನು ಹೊಸಿಲ ಒಳಗೆ ಕಾಯುತ್ತ ನಿಂತಿದ್ದೆ. ನೀನು “ಮಳೆ ಬರೋ ಹಂಗಿದೆ, ಬರ್ತೀನಿ ಕಣೆ” ಅಂದೆ. ಚೀಲ ಬಿಟ್ಟೆ. ಹೋದೆ.